ಅಕ್ಕ ಕಳುಹಿಸುವ ಹಳೆಯ ಲ್ಯಾಪ್‌ಟಾಪ್ ಮೇಲೆ ‘ಉಡುಗೊರೆ, 50 ಡಾಲರ್’ ಎಂದು ಬರೆಸಿದರೆ ಕಸ್ಟಮ್ಸ್ ಸುಂಕ ತಪ್ಪುತ್ತದೆಯೇ?

ತಪ್ಪುವುದಿಲ್ಲ. ದಯವಿಟ್ಟು ಹಾಗೆ ಬರೆಸಲೂ ಬೇಡಿ. ಪುಣೆಯಿಂದ ನೀವು ಟೆಕ್ಸಾಸ್‌ನಲ್ಲಿರುವ ಅಕ್ಕನಿಗೆ ಏನು ಹೇಳಬೇಕೆಂದು ಯೋಚಿಸಿದ್ದೀರೋ, ಹೆಚ್ಚುಕಡಿಮೆ ಅದನ್ನೇ ನಾನು 2021ರ ಜುಲೈನಲ್ಲಿ ಡೊಂಬಿವ್ಲಿಯ ನನ್ನ ಮನೆಯಿಂದ ನ್ಯೂಜೆರ್ಸಿಯಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಒಂದು ನಿಮಿಷದ ಆ ಮಾತಿಗೆ ನಾನು ತೆತ್ತದ್ದು 68,300 ರೂಪಾಯಿ ಮತ್ತು 41 ದಿನ.

ಆಗ ನನ್ನ ಮಗಳು ಇಂಜಿನಿಯರಿಂಗ್‌ನ ಎರಡನೆಯ ವರ್ಷದಲ್ಲಿದ್ದಳು. ಕೋವಿಡ್ ಕಾಲವಾದ್ದರಿಂದ ತರಗತಿಗಳೆಲ್ಲ ಮನೆಯಿಂದಲೇ ನಡೆಯುತ್ತಿದ್ದವು. ಮನೆಯಲ್ಲಿದ್ದ ಒಂದೇ ಕಂಪ್ಯೂಟರು ಹಗಲೆಲ್ಲ ನನ್ನ ಕಚೇರಿಯ ಲೆಕ್ಕಪತ್ರಕ್ಕೆ ಬೇಕಾಗುತ್ತಿತ್ತು. ತಮ್ಮನ ಬಳಿ 2018ರ ಜುಲೈನಲ್ಲಿ 1,999 ಡಾಲರ್ ಕೊಟ್ಟು ಕೊಂಡಿದ್ದ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಇತ್ತು. ಅವನಿಗೆ ಕಂಪನಿಯಿಂದ ಬೇರೆಯದು ಸಿಕ್ಕಿದ್ದರಿಂದ ಹಳೆಯದನ್ನು ಮಗಳಿಗೆ ಕೊಡುತ್ತೇನೆಂದ. ಬೇರೆ ಸಮಯವಾಗಿದ್ದರೆ ಊರಿಗೆ ಬರುವ ಯಾರಾದರೊಬ್ಬರ ಕೈಯಲ್ಲಿ ಕಳುಹಿಸುತ್ತಿದ್ದ. ಆದರೆ 2020ರ ಮಾರ್ಚ್‌ನಿಂದ ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು, ಬರುವವರೇ ಇರಲಿಲ್ಲ. ಹಾಗಾಗಿ ಕೊರಿಯರ್ ಅಂಗಡಿಗೆ ಹೋದ. ಅಲ್ಲಿಂದಲೇ ಫೋನ್ ಮಾಡಿ, “ಅಣ್ಣ, ಇಲ್ಲಿ ಏನಿದೆ, ಬೆಲೆ ಎಷ್ಟು ಅಂತ ಕೇಳ್ತಿದಾರೆ, ಏನು ಬರೀಲಿ?” ಎಂದ. “ಹಳೇ ಲ್ಯಾಪ್‌ಟಾಪ್, ಗಿಫ್ಟ್, ಅರವತ್ತು ಡಾಲರ್ ಅಂತ ಬರಿ” ಎಂದೆ.

ಆ ಉತ್ತರದಲ್ಲಿದ್ದ ಮೂರು ಮಾತುಗಳೂ ತಪ್ಪು. ಯಾವುದು ಹೇಗೆ ತಪ್ಪು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಇದೇ ಮೂರು ಮಾತುಗಳಿವೆ.

ಮೊದಲನೆಯದು ‘ಉಡುಗೊರೆ’. ಐದು ಸಾವಿರ ರೂಪಾಯಿಯ ಒಳಗಿನ ಉಡುಗೊರೆಗೆ ಸುಂಕವಿಲ್ಲ ಎಂದು ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಉಡುಪಿಯ ಹಿರಿಯರೊಬ್ಬರು ನನಗೆ ಹೇಳಿದ್ದರು. ಅವರು ಹೇಳಿದ್ದು ಸುಳ್ಳಲ್ಲ. 2017ರಲ್ಲಿ ಅವರ ಅಳಿಯ ಕಳುಹಿಸಿದ ಸಣ್ಣ ಸಾಮಾನು ಹಾಗೆಯೇ ಬಂದಿತ್ತು. ಆದರೆ 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು, ಅಂದರೆ ಎಲ್ಲರೂ ಡಿಜಿಎಫ್‌ಟಿ ಎಂದು ಕರೆಯುವ ಸಂಸ್ಥೆಯು, ಅಂಚೆ ಅಥವಾ ಕೊರಿಯರ್ ಮೂಲಕ ಸುಂಕ ವಿನಾಯಿತಿಯ ಉಡುಗೊರೆ ತರಿಸಿಕೊಳ್ಳುವುದನ್ನು ನಿಷೇಧಿಸಿತು. ರಾಖಿಗೆ ಮತ್ತು ಜೀವರಕ್ಷಕ ಔಷಧಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಉಳಿದ ಉಡುಗೊರೆಗಳು ಪೂರ್ತಿ ಸುಂಕ ಕಟ್ಟಿಯೇ ಬರಬೇಕು. ನಿಯಮ ಹೋದರೂ ಆ ಐದು ಸಾವಿರದ ಅಂಕಿ ಜನರ ಬಾಯಲ್ಲಿ ಉಳಿದುಕೊಂಡಿದೆ. ನಾನು 60 ಡಾಲರ್ ಎಂದದ್ದೂ ಅದಕ್ಕಾಗಿಯೇ. ಆಗಿನ ದರದಲ್ಲಿ ಅದು ಸುಮಾರು 4,500 ರೂಪಾಯಿ.

ಎರಡನೆಯದು ‘ಹಳೆಯದು’. ಬಳಸಿದ ವಸ್ತುವೆಂದರೆ ಅಧಿಕಾರಿಗಳು ಮೃದುವಾಗುತ್ತಾರೆ ಎಂದು ನಾನು ನಂಬಿದ್ದೆ, ನೀವೂ ನಂಬಿರುವಂತೆ ತೋರುತ್ತದೆ. ನಡೆಯುವುದು ಇದಕ್ಕೆ ವಿರುದ್ಧವಾಗಿ. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಬಳಸಿದ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳು ‘ನಿರ್ಬಂಧಿತ’ ಪಟ್ಟಿಯಲ್ಲಿವೆ. ಅವನ್ನು ಆಮದು ಮಾಡಿಕೊಳ್ಳಲು ಡಿಜಿಎಫ್‌ಟಿಯ ಅನುಮತಿಪತ್ರ ಬೇಕು. ಹೊರದೇಶಗಳ ವಿದ್ಯುನ್ಮಾನ ಕಸ ಹಳೆಯ ಯಂತ್ರಗಳ ಹೆಸರಿನಲ್ಲಿ ನಮ್ಮ ಬಂದರುಗಳಿಗೆ ಬಂದು ಬೀಳಬಾರದೆಂಬ ಕಾಳಜಿ ಇದರ ಹಿಂದಿದೆ, ಅದು ನ್ಯಾಯವಾದದ್ದೇ. ಆದರೆ ಆ ಜಾಲದಲ್ಲಿ ನನ್ನ ತಮ್ಮನ ಒಂದೇ ಒಂದು ಲ್ಯಾಪ್‌ಟಾಪೂ ಸಿಕ್ಕಿಬಿತ್ತು. 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿನ ಮೇಲೆ ಬಂದ ಹೊಸ ನಿರ್ಬಂಧದಲ್ಲಿ ಒಂದು ಲ್ಯಾಪ್‌ಟಾಪ್‌ಗೆ ವಿನಾಯಿತಿ ಇದೆಯೆಂದು ನೀವು ಬರೆದಿದ್ದೀರಿ. ಆನ್‌ಲೈನ್ ಮಾರಾಟ ತಾಣಗಳಿಂದ ಕೊಂಡು ಅಂಚೆ ಅಥವಾ ಕೊರಿಯರ್ ಮೂಲಕ ತರಿಸಿಕೊಳ್ಳುವುದೂ ಅದರಲ್ಲಿ ಸೇರಿದೆ, ಆದರೆ ಅದು ಆ ಹೊಸ ನಿರ್ಬಂಧದಿಂದ ಮಾತ್ರ ಸಿಗುವ ವಿನಾಯಿತಿ, ಬಳಸಿದ ಯಂತ್ರಗಳ ಮೇಲಿನ ಹಳೆಯ ನಿರ್ಬಂಧದಿಂದಲ್ಲ. ಅಕ್ಕನ ಮನೆಯಲ್ಲಿ ಮೂರು ವರ್ಷ ಓಡಿದ ಯಂತ್ರಕ್ಕೆ ಅದು ಅನ್ವಯಿಸದು.

ಮೂರನೆಯದು ಬೆಲೆ. ನನ್ನನ್ನು ಮುಳುಗಿಸಿದ್ದು ಇದೇ. ಮೊದಲಿನ ಎರಡು ತಪ್ಪುಗಳು ತಿಳಿಯದೆ ಮಾಡಿದವು, ಮೂರನೆಯದು ತಿಳಿದೂ ಮಾಡಿದ್ದು. ಇಪ್ಪತ್ತು ವರ್ಷ ಲೆಕ್ಕಪತ್ರ ಬರೆದು ಜೀವನ ನಡೆಸಿದವನಿಗೆ ಸುಳ್ಳು ಅಂಕಿ ಯಾವುದೆಂದು ಗೊತ್ತಿರಲೇಬೇಕಿತ್ತು.

ಪಾರ್ಸೆಲ್ ಜುಲೈ 29ರಂದು ಮುಂಬಯಿಗೆ ಬಂದು ಸಹಾರ್‌ನ ಏರ್ ಕಾರ್ಗೋದಲ್ಲಿ, ಅಂದರೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ, ನಿಂತಿತು. ಮೊದಲು ಕೆವೈಸಿಗೆಂದು ಆಧಾರ್ ಕೇಳಿದರು, ಕೊಟ್ಟೆ. ಆಮೇಲೆ ಕೊಂಡ ಇನ್‌ವಾಯ್ಸ್ ಕೇಳಿದರು. ಅಷ್ಟರಲ್ಲಿ ಯಂತ್ರದ ತಳದಲ್ಲಿದ್ದ ಸೀರಿಯಲ್ ಸಂಖ್ಯೆಯಿಂದ ಅದು ಯಾವ ಮಾದರಿ, ಯಾವ ವರ್ಷದ್ದು ಎಂಬುದನ್ನು ಅಧಿಕಾರಿ ಕಂಡುಕೊಂಡಿದ್ದರು. ಬಳಸಿದ ಯಂತ್ರಗಳ ಬೆಲೆ ಕಟ್ಟಲು ಕಸ್ಟಮ್ಸ್ ಇಲಾಖೆ ಬಹಳ ಕಾಲದಿಂದ ಅನುಸರಿಸುತ್ತ ಬಂದಿರುವ ಸವಕಳಿಯ ಲೆಕ್ಕವೊಂದಿದೆ. ಮೂರು ತಿಂಗಳಿಗೊಮ್ಮೆ ಮೊದಲ ವರ್ಷ ಶೇ. 4, ಎರಡನೆಯ ವರ್ಷ ಶೇ. 3, ಮೂರನೆಯ ವರ್ಷ ಶೇ. 2.5, ಮುಂದೆ ಶೇ. 2ರಂತೆ ಕಳೆಯುತ್ತಾರೆ, ಒಟ್ಟು ಕಡಿತ ಶೇ. 70ನ್ನು ಮೀರುವಂತಿಲ್ಲ. ನನ್ನ ವಿಷಯದಲ್ಲಿ ಬೆಲೆ ಕಟ್ಟಿದ್ದು ಈ ಲೆಕ್ಕದಿಂದಲೇ. ಪೂರ್ತಿ ಮೂರು ವರ್ಷಕ್ಕೆ ಕಳೆಯುವುದು 16, 12 ಮತ್ತು 10, ಅಂದರೆ ಶೇ. 38 ಮಾತ್ರ. ಸುಮಾರು 1,50,000 ರೂಪಾಯಿಯ ಯಂತ್ರಕ್ಕೆ ಇನ್ನೂ 93,000 ರೂಪಾಯಿ ಬೆಲೆ ಉಳಿಯಿತು. ಕೊರಿಯರ್ ಸಾಗಣೆಯ ವೆಚ್ಚವನ್ನೂ ಅದಕ್ಕೆ ಸೇರಿಸಿ, ಒಟ್ಟು ಮೊತ್ತದ ಮೇಲೆ ಸುಂಕ ಲೆಕ್ಕ ಹಾಕಿದರು. ನಾನು ಬರೆಸಿದ್ದು 4,500.

ವ್ಯತ್ಯಾಸದ ಸುಂಕ ಕಟ್ಟಿದರೆ ಮುಗಿಯಿತಲ್ಲ ಎಂದು ನಿಮಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಆದರೆ ಬೆಲೆಯನ್ನು ತಪ್ಪಾಗಿ ಘೋಷಿಸಿದ ಕೂಡಲೇ ವಿಷಯದ ಸ್ವರೂಪವೇ ಬದಲಾಗುತ್ತದೆ. 1962ರ ಕಸ್ಟಮ್ಸ್ ಕಾಯ್ದೆಯ 111ನೆಯ ಕಲಮಿನ ಪ್ರಕಾರ ಅಂತಹ ಸರಕು ಮುಟ್ಟುಗೋಲಿಗೆ ಅರ್ಹವಾಗುತ್ತದೆ. ಅದನ್ನು ಬಿಡಿಸಿಕೊಳ್ಳಲು 125ನೆಯ ಕಲಮಿನಡಿ ಬಿಡುಗಡೆಯ ದಂಡ ಕಟ್ಟಬೇಕು, 112ನೆಯ ಕಲಮಿನಡಿ ವ್ಯಕ್ತಿಯ ಮೇಲೆ ಬೇರೆಯೇ ಜುಲ್ಮಾನೆ ಬೀಳುತ್ತದೆ. ಬೇಸತ್ತು, “ಸ್ವಾಮಿ, ನನಗೆ ಈ ವಸ್ತುವೇ ಬೇಡ, ನೀವೇ ಇಟ್ಟುಕೊಳ್ಳಿ” ಎಂದೆ. ಅದೂ ಆಗಲಿಲ್ಲ. ಆಮದಾದ ಸರಕಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟು ಸುಂಕದಿಂದ ಪಾರಾಗಲು 23ನೆಯ ಕಲಮು ಅವಕಾಶ ಕೊಡುತ್ತದೆ, ಆದರೆ ಅಪರಾಧ ನಡೆದಿರುವಂತೆ ಕಾಣುವ ಸರಕಿಗೆ ಆ ಅವಕಾಶವಿಲ್ಲ. ಹೀಗೆ ಸುಳ್ಳು ಬೆಲೆ ಬರೆಸಿ ಹಿಂದೆ ಸರಿಯುವ ದಾರಿಯನ್ನೂ ನಾನೇ ಮುಚ್ಚಿಕೊಂಡಿದ್ದೆ. ಇನ್ನೊಂದು ನಷ್ಟವೂ ಇದೆ. ದಾರಿಯಲ್ಲಿ ಪರದೆಯ ಒಂದು ಮೂಲೆ ಸೀಳಿತ್ತು. ಪರಿಹಾರ ಕೇಳಿದಾಗ, ಘೋಷಿಸಿದ ಬೆಲೆಯನ್ನು ಮೀರಿ ಕೊಡಲಾಗದು ಎಂಬ ಉತ್ತರ ಬಂತು. 60 ಡಾಲರ್ ಎಂದು ಬರೆಸಿದವನು 60 ಡಾಲರಿಗಿಂತ ಹೆಚ್ಚು ಕಳೆದುಕೊಂಡೆ ಎಂದು ಯಾವ ಮುಖದಿಂದ ವಾದಿಸಬೇಕು?

ಆ ದಿನಗಳಲ್ಲಿ ಲೋಕಲ್ ರೈಲು ಸಾಮಾನ್ಯರಿಗೆ ಮುಚ್ಚಿತ್ತು. ಎರಡೂ ಲಸಿಕೆ ಪಡೆದವರಿಗೆ ಆಗಸ್ಟ್ 15ರಿಂದ ತೆರೆಯಿತು. ಅಲ್ಲಿಯವರೆಗೆ ಡೊಂಬಿವ್ಲಿಯಿಂದ ಷೇರ್ ಟ್ಯಾಕ್ಸಿಯಲ್ಲಿ ಘಾಟ್‌ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ, ಮತ್ತೆ ರಿಕ್ಷಾ ಹಿಡಿದು ಸಹಾರ್. ಹೀಗೆ ನಾಲ್ಕು ಬಾರಿ ಹೋದೆ. ಅಧಿಕಾರಿಗಳು ಒರಟಾಗಿ ನಡೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಅವರಲ್ಲೊಬ್ಬರು ಇನ್‌ವಾಯ್ಸ್ ನೋಡಿ, ನಿಜವಾದ ಬೆಲೆ ಬರೆದು ಈ ಕಾಗದವನ್ನು ಪೆಟ್ಟಿಗೆಯ ಜೊತೆಗೆ ಇಟ್ಟಿದ್ದರೆ ಅನುಮತಿಪತ್ರದ ಪ್ರಶ್ನೆಯೊಂದೇ ಉಳಿಯುತ್ತಿತ್ತು, ಅದಕ್ಕೆ ಸಣ್ಣ ದಂಡದಲ್ಲಿ ಮುಗಿಯುವ ಸಾಧ್ಯತೆ ಇತ್ತು ಎಂದರು. ಆ ಮಾತು ಇಂದಿಗೂ ನನ್ನನ್ನು ನೋಯಿಸುತ್ತದೆ. ಕೊನೆಗೆ ಸುಂಕ, ಬಿಡುಗಡೆಯ ದಂಡ, ಜುಲ್ಮಾನೆ, ದಿನದಿನಕ್ಕೂ ಏರುತ್ತಿದ್ದ ಡೆಮರೇಜ್ (ಸರಕು ಬಿಡಿಸಿಕೊಳ್ಳದೆ ಉಳಿದ ದಿನಗಳ ಬಾಡಿಗೆ) ಮತ್ತು ಏಜೆಂಟರ ಶುಲ್ಕ ಸೇರಿ ನಾನು ಮೇಲೆ ಹೇಳಿದ ಮೊತ್ತವಾಯಿತು. ಸೆಪ್ಟೆಂಬರ್ 8ರಂದು ಸೀಳಿದ ಪರದೆಯ ಲ್ಯಾಪ್‌ಟಾಪ್ ಮನೆಗೆ ಬಂತು. ಅಷ್ಟೇ ಹಣಕ್ಕೆ ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಾರಂಟಿ ಸಹಿತ ಹೊಸ ಲ್ಯಾಪ್‌ಟಾಪನ್ನು ಜುಲೈ ತಿಂಗಳಲ್ಲೇ ತರಬಹುದಿತ್ತು, ಮಗಳು ಎರಡು ತಿಂಗಳು ಸಣ್ಣ ಮೊಬೈಲ್ ಪರದೆಯಲ್ಲಿ ಪ್ರೋಗ್ರಾಮಿಂಗ್ ಕಲಿಯಬೇಕಾಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸುಂಕವನ್ನು ಹೇಗೆ ಕಡಿಮೆ ಮಾಡುವುದು ಎಂದು ಕೇಳಿದ್ದೀರಿ. ಆ ಪ್ರಶ್ನೆಯೇ ನಿಮ್ಮನ್ನು ತಪ್ಪು ದಾರಿಗೆ ಎಳೆಯುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಕೇಳಬೇಕಾದದ್ದು ಈ ವಸ್ತು ಕೊರಿಯರ್‌ನಲ್ಲಿ ಬರಬೇಕೇ ಎಂದು, ಮತ್ತು ಬಳಸಿದ ಲ್ಯಾಪ್‌ಟಾಪಿನ ಮಟ್ಟಿಗೆ ಬಾರದು ಎಂದೇ ನಾನು ಹೇಳುತ್ತೇನೆ. ಅಕ್ಕ ಅದನ್ನು ಅಲ್ಲಿಯೇ ಮಾರಿ ಹಣ ಕಳುಹಿಸಲಿ. ಒಡಹುಟ್ಟಿದವರು ಕೊಟ್ಟ ಹಣಕ್ಕೆ ಇಲ್ಲಿ ನಿಮಗೆ ಆದಾಯ ತೆರಿಗೆ ಇಲ್ಲ. ಅಥವಾ ಅವರೇ ಊರಿಗೆ ಬರುವಾಗ ಕೈಯಲ್ಲಿ ತರಲಿ: 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಲು 2004ರಿಂದಲೂ ಅವಕಾಶವಿದೆ. ಭಾವನವರೂ ಜೊತೆಗೆ ಬರುವುದಾದರೆ ಒಬ್ಬೊಬ್ಬರ ಬಳಿ ಒಂದೊಂದು ಇರಬಹುದು. ಅವರು ದೀಪಾವಳಿಗೆ ಬರುತ್ತಾರೆಂದು ನೀವೇ ಬರೆದಿದ್ದೀರಿ. ಅಷ್ಟು ದಿನ ಕಾಯಿರಿ.

ಟ್ಯಾಬ್ಲೆಟ್ ಮತ್ತು ಎರಡು ಹಳೆಯ ಫೋನುಗಳನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕುವ ಯೋಚನೆಯನ್ನಂತೂ ಕೈಬಿಡಿ. ನಾಲ್ಕು ಯಂತ್ರಗಳಿರುವ ಪೆಟ್ಟಿಗೆ ಮನೆಬಳಕೆಯದೆಂದು ಯಾರನ್ನೂ ನಂಬಿಸುವುದು ಕಷ್ಟ. ಪವರ್ ಬ್ಯಾಂಕ್ ಕೂಡ ಬೇಡ. ಬಿಡಿಯಾದ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರಿಂದಲೇ ನಿಷೇಧಿಸಲಾಗಿದೆ. ಹಳೆಯ ಫೋನಿನ ಬ್ಯಾಟರಿ ಸ್ವಲ್ಪ ಉಬ್ಬಿದ್ದರೂ ಅದನ್ನು ಯಾವ ವಿಮಾನಕ್ಕೂ ಏರಿಸಬಾರದು.

ಒಂದು ವೇಳೆ ಅಕ್ಕ ಈಗಾಗಲೇ ಪಾರ್ಸೆಲ್ ಕೊಟ್ಟುಬಿಟ್ಟಿದ್ದರೆ, ಅದು ಭಾರತಕ್ಕೆ ಬಂದು ಬಿಲ್ ಆಫ್ ಎಂಟ್ರಿ (ಆಮದಿನ ವಿವರ ಘೋಷಿಸುವ ಕಸ್ಟಮ್ಸ್ ಪತ್ರ) ಸಲ್ಲಿಕೆಯಾಗುವ ಮೊದಲೇ ಅವರು ಅಲ್ಲಿನ ಕೊರಿಯರ್ ಕಚೇರಿಗೆ ಫೋನ್ ಮಾಡಿ ಸಾಗಣೆ ನಿಲ್ಲಿಸಿ ಹಿಂದಕ್ಕೆ ತರಿಸಿಕೊಳ್ಳಲಿ. ಹಾಗಾಗದಿದ್ದರೆ ಬೆಲೆಯನ್ನಾದರೂ ಲಿಖಿತವಾಗಿ ತಿದ್ದಿಸಿ, ಕೊಂಡಾಗಿನ ಇನ್‌ವಾಯ್ಸ್, ಹಣ ಕೊಟ್ಟದ್ದನ್ನು ತೋರಿಸುವ ಕಾರ್ಡಿನ ಸ್ಟೇಟ್‌ಮೆಂಟ್ ಮತ್ತು ಯಂತ್ರದ ಸೀರಿಯಲ್ ಸಂಖ್ಯೆಯ ಚಿತ್ರ, ಈ ಮೂರನ್ನೂ ನಿಮಗೆ ಇವತ್ತೇ ಕಳುಹಿಸಲಿ. ಸಹಾರ್‌ನಿಂದ ಮೊದಲ ಪತ್ರ ಬರುವಾಗ ಅವು ನಿಮ್ಮ ಕೈಯಲ್ಲಿರಬೇಕು; ನನಗೆ ಆ ಇನ್‌ವಾಯ್ಸ್ ಸಿಕ್ಕಿದ್ದು ಹದಿನೆಂಟು ದಿನ ಕಳೆದ ಮೇಲೆ, ಆ ಹದಿನೆಂಟು ದಿನಗಳ ಡೆಮರೇಜನ್ನೂ ನಾನೇ ಕಟ್ಟಿದೆ.