ಪುಟ್ ಆಫ್‌ಗೆ ಆಪೋಸಿಟ್ ಪುಟ್ ಆನ್ ಆಗ್ತದಾ?
ಇಲ್ಲ ಮಾರಾಯ್ರೆ, ಆಗೋದಿಲ್ಲ. ಆಫ್ ತೆಗೆದು ಆನ್ ಹಾಕಿದ್ರೆ ಸಾಕು ಅನ್ನೋದು ಟರ್ನ್ ಆಫ್, ಟರ್ನ್ ಆನ್ ತರದ್ದಕ್ಕೆ ಮಾತ್ರ ಸರಿ. ಮೀಟಿಂಗ್ ಪುಟ್ ಆಫ್ ಮಾಡೋದು ಅಂದ್ರೆ ಮುಂದೂಡೋದು, ಅದಕ್ಕೆ ಆಪೋಸಿಟ್ ಬ್ರಿಂಗ್ ಫಾರ್ವರ್ಡ್. ನಮ್ಮಲ್ಲಿ ಪ್ರಿಪೋನ್ ಅಂತಾರಲ್ಲ, ಇಂಡಿಯಾದೊಳಗೆ ಅದು ಧಾರಾಳ ನಡೀತದೆ, ಹೊರಗಿನವರಿಗೆ ಮೇಲ್ ಬರೆಯುವಾಗ ಬ್ರಿಂಗ್ ಫಾರ್ವರ್ಡ್ ಹಾಕಿ.

ಮೊದಲು ಅರ್ಥ ಯಾವುದು ಅಂತ ನೋಡ್ಬೇಕು, ಯಾಕಂದ್ರೆ ಒಂದೇ ಟೇಕ್ ಆಫ್, ಬಜ್ಪೆಯಿಂದ ವಿಮಾನ ಟೇಕ್ ಆಫ್ ಆದ್ರೆ ಆಪೋಸಿಟ್ ಲ್ಯಾಂಡ್ ಅಥವಾ ಟಚ್ ಡೌನ್, ಅದೇ ಮಳೆಗೆ ಹಾಕಿದ ರೈನ್‌ಕೋಟ್ ಟೇಕ್ ಆಫ್ ಮಾಡಿದ್ರೆ ಆಪೋಸಿಟ್ ಪುಟ್ ಆನ್. ಟರ್ನ್ ಡೌನ್ ಕೂಡ ಹಾಗೇ, ಯಕ್ಷಗಾನದ ಮೈಕಿನ ಸೌಂಡ್ ಆದ್ರೆ ಟರ್ನ್ ಅಪ್, ಮಣಿಪಾಲದಲ್ಲಿ ಸಿಕ್ಕಿದ ಜಾಬ್ ಆಫರ್ ಆದ್ರೆ ಆಕ್ಸೆಪ್ಟ್.

ಲುಕ್ ಅಪ್ ಟು ಅಂದ್ರೆ ಗೌರವಿಸೋದು, ಆಪೋಸಿಟ್ ಲುಕ್ ಡೌನ್ ಆನ್. ಕೊನೆಯ ಟು ಹೋಗಿ ಆನ್ ಬರ್ತದೆ, ಮಕ್ಕಳು ಇದನ್ನೇ ಮರೆಯೋದು, ಜಾಗ್ರತೆ.

ಇಡಿಯಮ್ ಆದ್ರೆ ಇಡೀ ಮಾತೇ ಬೇರೆ: ಖುಷಿಯ ಓವರ್ ದ ಮೂನ್‌ಗೆ ಡೌನ್ ಇನ್ ದ ಡಂಪ್ಸ್, ಹುಷಾರಿಲ್ಲದ ಅಂಡರ್ ದ ವೆದರ್‌ಗೆ ಫಿಟ್ ಆಸ್ ಎ ಫಿಡಲ್.