ಮಗಳು ಮಡಚುತ್ತಿರುವ ಕಾಗದ

ದಾವಣಗೆರೆಯ ತಾಯಿಯೊಬ್ಬರು ಕೇಳಿದ್ದಾರೆ: ‘ಮಗಳು ಫ್ಯಾಷನ್ ಡಿಸೈನ್ ಅಂತಿಮ ವರ್ಷದಲ್ಲಿದ್ದಾಳೆ. ಪ್ರದರ್ಶನಕ್ಕೆ ಐದು ಉಡುಪು ಸಿದ್ಧವಾಗಬೇಕು. ಮೂರು ವಾರದಿಂದ ಬರೀ ಕಾಗದ ಮಡಚುತ್ತಿದ್ದಾಳೆ, ಒಂದು ಹೊಲಿಗೆಯೂ ಬಿದ್ದಿಲ್ಲ. ಇದು ಕಲಿಕೆಯೋ, ಕಾಲಹರಣವೋ? ಕೋಣೆ ತುಂಬಿರುವ ರಾಶಿಯನ್ನು ರದ್ದಿಗೆ ಹಾಕಬಹುದೇ?’

ಸಂಪಾದಕರ ಉತ್ತರ: ದಯವಿಟ್ಟು ರದ್ದಿಗೆ ಹಾಕಬೇಡಿ. ಮೊದಲು ಇಷ್ಟು ಕೇಳಿಕೊಂಡು ಉಳಿದದ್ದನ್ನು ಓದಿ.

ಒಂದು ಹಾಳೆಯನ್ನು ಅಂಚಿನ ಮೇಲೆ ನಿಲ್ಲಿಸಲು ನೋಡಿ, ಬಾಗಿ ಬೀಳುತ್ತದೆ. ಅದನ್ನೇ ಬೀಸಣಿಗೆಯಂತೆ ಮಡಚಿದರೆ ನಿಲ್ಲುತ್ತದೆ, ಮೇಲೊಂದು ಪುಸ್ತಕವನ್ನೂ ಹೊರುತ್ತದೆ. 1920ರ ದಶಕದಲ್ಲಿ ಜರ್ಮನಿಯ ಬೌಹೌಸ್ ಎಂಬ ವಿನ್ಯಾಸ ಶಾಲೆಯಲ್ಲಿ ಶಿಕ್ಷಕ ಯೋಸೆಫ್ ಆಲ್ಬರ್ಸ್ ಹೊಸ ವಿದ್ಯಾರ್ಥಿಗಳ ಕೈಗೆ ಕಾಗದ ಕೊಟ್ಟು ಕಲಿಸುತ್ತಿದ್ದದ್ದು ಇದನ್ನೇ. ಜಪಾನಿನ ಉಡುಪು ವಿನ್ಯಾಸಕ ಇಸ್ಸೆ ಮಿಯಾಕೆಯವರ ಬಳಗ 2010ರಲ್ಲಿ ‘132 5.’ ಎಂಬ ಉಡುಪುಗಳನ್ನು ತಂದಿತು. ಮೇಜಿನ ಮೇಲಿದ್ದಾಗ ಅವು ಚಪ್ಪಟೆಯಾದ ಬಹುಭುಜಗಳು, ಎತ್ತಿ ಹಿಡಿದರೆ ಲಂಗವೋ ಅಂಗಿಯೋ ಆಗಿ ಬಿಚ್ಚಿಕೊಳ್ಳುತ್ತವೆ. ಅವುಗಳ ಬುಡದಲ್ಲಿದ್ದದ್ದು, ಒಂದೇ ಹಾಳೆಯನ್ನು ಮಡಚಿ ಘನಾಕೃತಿ ಮಾಡುವ ಬಗೆಯನ್ನು ಲೆಕ್ಕ ಹಾಕುವ, ಜಪಾನಿನ ಕಂಪ್ಯೂಟರ್ ವಿಜ್ಞಾನಿ ಜುನ್ ಮಿತಾನಿಯವರ ತಂತ್ರಾಂಶ.

ಇನ್ನೂ ಒಂದು ಮಾತು, ನನಗೆ ಬಹಳ ಪ್ರಿಯವಾದದ್ದು. ನೆರಿಗೆ ಹಾಕುವ ಕಸುಬಿನಲ್ಲಿ ಕಾಗದವೇ ಅಚ್ಚು. ಒಂದೇ ಬಗೆಯ ಗೆರೆಗಳಲ್ಲಿ ಮಡಚಿದ ಎರಡು ದಪ್ಪ ಹಾಳೆಗಳ ನಡುವೆ ಬಟ್ಟೆ ಹರಡಿ, ಮೂರನ್ನೂ ಕೂಡಿಸಿ ಮಡಚಿ, ಬಿಗಿಯಾಗಿ ಕಟ್ಟಿ ಹಬೆಯಲ್ಲಿಡುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಕಾಗದದ ಗೆರೆ ಬಟ್ಟೆಗೆ ಇಳಿದಿರುತ್ತದೆ. ಪ್ಯಾರಿಸ್ಸಿನ ಲೋನ್ಯೊಂ ಮನೆತನ ಕಟ್ಟಿದ ಕಾರ್ಯಾಗಾರದಲ್ಲಿ ಈ ಕೆಲಸ 19ನೆಯ ಶತಮಾನದಿಂದ ನಡೆದುಬಂದಿದೆ. ನಿಮ್ಮ ಮಗಳ ರಾಶಿಯಲ್ಲಿ ಅಂಥ ಅಚ್ಚೊಂದು ಈಗಾಗಲೇ ಇರಬಹುದು.

ಆದರೆ ನಿಮ್ಮ ಕಳವಳದಲ್ಲೂ ನಿಜವಿದೆ. ಕಾಗದಕ್ಕೆ ಬಟ್ಟೆಯಂತೆ ಹಾಸು ಹೊಕ್ಕಿನ ನೂಲುಗಳಿಲ್ಲ. ಟೈಲರ್‌ಗಳು ‘ಕ್ರಾಸ್’ ಎನ್ನುವ ಓರೆಯಲ್ಲಿ ಬಟ್ಟೆ ಜಗ್ಗುತ್ತದೆ, ಕಾಗದ ಜಗ್ಗುವುದಿಲ್ಲ. ಗಂಜಿ ಹಾಕಿದ ಹತ್ತಿ ಸೀರೆಯ ನೆರಿಗೆ ಹೇಗೆ ನಿಲ್ಲುತ್ತದೆ, ಶಿಫಾನ್ ಸೀರೆಯದು ಬೆರಳಿನಿಂದ ಹೇಗೆ ಜಾರುತ್ತದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಕಾಗದದ ಮೇಲೆ ಮಾತ್ರ ಯೋಚಿಸಿದವರು ಎಲ್ಲ ಬಟ್ಟೆಯೂ ಗಂಜಿ ಹಾಕಿದ್ದೇ ಎಂದುಕೊಂಡುಬಿಡುತ್ತಾರೆ. ಆದ್ದರಿಂದ ನಾಲ್ಕನೆಯ ವಾರ ಬಟ್ಟೆಗೇ ಹೋಗಬೇಕು. ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ, ಆಮೇಲೆ ಪಾಲಿಯೆಸ್ಟರಿನಲ್ಲಿ. ಪಾಲಿಯೆಸ್ಟರ್ ಕಾವಿಗೆ ಹಿಡಿದ ಮಡಿಕೆಯನ್ನು ಒಗೆದರೂ ಬಿಡುವುದಿಲ್ಲ. ಹತ್ತಿಯ ಮಡಿಕೆ ನೀರು ಕಂಡರೆ ಸಡಿಲವಾಗುತ್ತದೆ.

ಲೆಕ್ಕವನ್ನೂ ಈಗಲೇ ಹಾಕಲಿ. ಒಂದರ ಪಕ್ಕ ಒಂದು ಬರುವ ತುಂಬು ನೆರಿಗೆಗೆ ಮೂರು ಪಟ್ಟು ಬಟ್ಟೆ ಬೇಕು. ಸೊಂಟ 28 ಇಂಚು ಎಂದರೆ 84 ಇಂಚು, ಹೊಲಿಗೆಗೆ ಬಿಡುವುದು ಬೇರೆ. ಐದು ಉಡುಪಿಗೆ ಎಷ್ಟಾಯಿತೆಂದು ಇಬ್ಬರೂ ಕೂತು ನೋಡಿ. ನಿಮ್ಮ ಕೈಯ ಅನುಭವ ಅವಳಿಗೆ ಇಲ್ಲಿ ಬೇಕಾಗುತ್ತದೆ.

ಮಡಚಿದ ಹಾಳೆಯೊಂದನ್ನು ಅವಳ ತೋಳಿಗೆ ಸುತ್ತಿ, ಮೊಣಕೈ ಮಡಿಸಲು ಹೇಳಿ. ಎಲ್ಲಿ ಹರಿಯಿತೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ದಿನಾಂಕ ಬರೆಸಿ. ಆ ಹರಿದ ಹಾಳೆ ಅವಳ ಕಡತದಲ್ಲಿ ಮೊದಲ ಪುಟವಾಗಲಿ.