ಓದು ಮುಗಿಸಿ ಜರ್ಮನಿ ಬಿಟ್ಟ ಮೇಲೂ ಶುಲ್ಕದ ಪತ್ರ ಬರುತ್ತಿದ್ದರೆ

ಮೈಸೂರಿಗೆ ಮರಳಿ ನಾಲ್ಕು ತಿಂಗಳಾದರೂ ಜರ್ಮನಿಯ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತಿದೆ, ವಿದ್ಯಾರ್ಥಿ ವೀಸಾವನ್ನೂ ರದ್ದು ಮಾಡಿಸಬೇಕೇ ಎಂದು ಕೇಳಿದ್ದೀರಿ. ನೀವು ಆಬ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ ರದ್ದತಿ, ಮಾಡಿಸದೆ, ಶುಲ್ಕದವರಿಗೂ ತಿಳಿಸದೆ ವಿಮಾನ ಹತ್ತಿರಬೇಕು. ತಿಂಗಳಿಗೆ 18.36 ಯೂರೊ ಶುಲ್ಕ ಇನ್ನೂ ಏರುತ್ತಿರುವುದು ಅದಕ್ಕೇ. ವಿದ್ಯಾರ್ಥಿ ವೀಸಾವನ್ನು ಪ್ರತ್ಯೇಕವಾಗಿ ರದ್ದು ಮಾಡಿಸಬೇಕಿಲ್ಲ. ಕಾಯಂ ಆಗಿ ದೇಶ ಬಿಟ್ಟಾಗ ವಾಸದ ಪರವಾನಗಿ ತಾನಾಗಿಯೇ ಮುಗಿಯುತ್ತದೆ.

ಮೊದಲು ನೀವಿದ್ದ ನಗರದ ಜಾಲತಾಣದಿಂದ ಆಬ್‌ಮೆಲ್ಡುಂಗ್ ಅರ್ಜಿ ಇಳಿಸಿಕೊಂಡು, ಹೊರಟ ದಿನಾಂಕ ಬರೆದು, ಸಹಿ ಹಾಕಿ, ಪಾಸ್‌ಪೋರ್ಟ್ ಪ್ರತಿಯೊಡನೆ ಅಲ್ಲಿನ ನೋಂದಣಿ ಕಚೇರಿಗೆ ಕಳುಹಿಸಿ. ಕೆಲವು ಕಡೆ ಇಮೇಲ್ ಸಾಕು, ಕೆಲವರು ಅಂಚೆಯೇ ಬೇಕೆನ್ನುತ್ತಾರೆ. ಮನೆ ಬಿಟ್ಟ ಮೇಲಿನ ಎರಡು ವಾರದ ಗಡುವು ಮೀರಿರುವುದರಿಂದ ದಂಡ ಬೀಳಲೂಬಹುದು, ನನಗೆ ಬೀಳಲಿಲ್ಲ. ನೋಂದಣಿ ರದ್ದಾಯಿತೆಂಬ ದೃಢೀಕರಣದ ಹಾಳೆ ಕೈಗೆ ಬಂದೊಡನೆ ಅದರ ಪ್ರತಿಯನ್ನು ಆರೋಗ್ಯ ವಿಮೆಯವರಿಗೂ ವೀಸಾಕ್ಕಾಗಿ ಹಣ ಇಟ್ಟಿದ್ದ ನಿರ್ಬಂಧಿತ ಖಾತೆಯ ಬ್ಯಾಂಕಿಗೂ ಕಳುಹಿಸಿ. ರೇಡಿಯೊ-ಟಿವಿ ಶುಲ್ಕದವರಿಗೆ ಮಾತ್ರ ಆ ಹಾಳೆಗೆ ಕಾಯದೆ ಇಂದೇ ಬರೆಯಿರಿ. ನೀವು ತಿಳಿಸಿದ ತಿಂಗಳ ಕೊನೆಯವರೆಗೂ ಅವರು ಲೆಕ್ಕ ಹಿಡಿಯುತ್ತಾರೆ.